ಸಕ್ಕರೆ ಅಂಕಿಯಲ್ಲಿ ಅಪ್ಪ ಅಮ್ಮನ ಪಾಲು

"ಡಾಕ್ಟ್ರೇ, ನಾನು ಸಿಹಿ ಮುಟ್ಟೋದೇ ಇಲ್ಲ, ಕಾಫಿಗೂ ಸಕ್ಕರೆ ಹಾಕ್ಕೊಳ್ಳಲ್ಲ. ಆದ್ರೂ ಫಾಸ್ಟಿಂಗ್ 104 ಹೇಗೆ ಬಂತು?"

ಯಾವ ಊರಿನ ಕ್ಲಿನಿಕ್ಕಿನಲ್ಲಿ ಸ್ವಲ್ಪ ಹೊತ್ತು ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳುವವರಿಗೆ ಸಕ್ಕರೆ ಕಾಯಿಲೆ ಇರುವುದಿಲ್ಲ. ಕಂಪನಿಯ ವಾರ್ಷಿಕ ತಪಾಸಣೆಗೋ ಬಡಾವಣೆಯ ಆರೋಗ್ಯ ಶಿಬಿರಕ್ಕೋ ರಕ್ತ ಕೊಟ್ಟು ಬಂದವರು ಅವರು. ಚೀಟಿಯಲ್ಲಿ ಆ ಅಂಕಿ ದಪ್ಪಕ್ಷರದಲ್ಲಿ ಬಂದಿರುತ್ತದೆ, ಯಾರೋ 'ಬಾರ್ಡರ್‌ಲೈನ್' ಅಂದಿರುತ್ತಾರೆ. ವಾಕಿಂಗ್ ಮಾಡಿ, ಅನ್ನ ಕಮ್ಮಿ ಮಾಡಿ ಎಂಬ ಸಲಹೆ ಸಿಗುತ್ತದೆ. ಸಲಹೆ ಸರಿಯಾದದ್ದೇ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಮೊದಲು ಗೆರೆಯ ವಿಷಯ. ಅಮೆರಿಕದ ಡಯಾಬಿಟಿಸ್ ಸಂಘದ ಪ್ರಕಾರ ಖಾಲಿ ಹೊಟ್ಟೆಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂನಿಂದ 125ರವರೆಗೆ ಸಕ್ಕರೆ ಇದ್ದರೆ ಪ್ರಿಡಯಾಬಿಟಿಸ್. ವಿಶ್ವ ಆರೋಗ್ಯ ಸಂಸ್ಥೆ ಆ ಗೆರೆಯನ್ನು 110ರಲ್ಲಿ ಎಳೆದಿದೆ. ಅಮೆರಿಕದವರದ್ದೂ 2003ರವರೆಗೆ 110ರಲ್ಲೇ ಇತ್ತು. ಹಾಗಾಗಿ 104 ಬಂದವರು ಒಂದು ಪಟ್ಟಿಯಲ್ಲಿ ಆರೋಗ್ಯವಂತರು, ಇನ್ನೊಂದರಲ್ಲಿ ಅಲ್ಲ. ಗೆರೆ ಎಲ್ಲಿರಬೇಕೆಂಬುದನ್ನು ಸಮಿತಿಗಳು ತೀರ್ಮಾನಿಸುತ್ತವೆ. ಆದರೆ ಒಂದೇ ಮನೆಯಲ್ಲಿ ಒಂದೇ ಸಾರು ಉಣ್ಣುವ ಅಣ್ಣನಿಗೆ 86, ತಮ್ಮನಿಗೆ 104 ಬರುವುದು ಏಕೆ ಎಂಬುದನ್ನು ಯಾವ ಸಮಿತಿಯೂ ತೀರ್ಮಾನಿಸಲಾರದು. ಅದರ ಉತ್ತರದಲ್ಲಿ ಹುಟ್ಟಿನಿಂದ ಬಂದದ್ದು ಬಹಳಷ್ಟಿದೆ. ಹಾಗೆ ಬಂದದ್ದರಲ್ಲಿ ಕೆಲವು ಸಕ್ಕರೆ ಕಾಯಿಲೆಯ ಕಡೆಗೆ ತಳ್ಳುತ್ತವೆ. ಕೆಲವು ಅಂಕಿಯನ್ನಷ್ಟೇ ಏರಿಸಿ ಸುಮ್ಮನಾಗುತ್ತವೆ. ಇನ್ನು ಕೆಲವು ಸಕ್ಕರೆಯ ತಂಟೆಗೇ ಹೋಗದೆ ಪರೀಕ್ಷೆಯನ್ನು ಹಾದಿ ತಪ್ಪಿಸುತ್ತವೆ. ಮೂರನ್ನೂ ಒಂದೇ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ರೋಗಿಗೆ ಮಾಡುವ ಅನ್ಯಾಯ ಎಂದೇ ನನ್ನ ನಂಬಿಕೆ.

2001ರಲ್ಲಿ ಬ್ರಿಟನ್ನಿನ ಆರೋಗ್ಯವಂತ ಅವಳಿ ಹೆಣ್ಣುಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ತದ್ರೂಪಿ ಅವಳಿಗಳ ಅಂಕಿಗಳು ಎಷ್ಟು ಹತ್ತಿರ, ಸಾಮಾನ್ಯ ಅವಳಿಗಳದ್ದು ಎಷ್ಟು ದೂರ ಎಂದು ಹೋಲಿಸಿದರೆ ವಂಶದ ಪಾಲು ಸಿಗುತ್ತದೆ. ಜನರ ನಡುವೆ ಖಾಲಿ ಹೊಟ್ಟೆಯ ಸಕ್ಕರೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 51, ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆಯ ಪರೀಕ್ಷೆಯಲ್ಲಿ ಶೇ 62 ವಂಶದಿಂದ ಬಂದದ್ದು ಎಂದು ಅಲ್ಲಿ ಲೆಕ್ಕ ಸಿಕ್ಕಿತು. ನಿಮ್ಮ 104ರಲ್ಲಿ ಅರ್ಧ ಅಪ್ಪ ಅಮ್ಮನದು, ಇನ್ನರ್ಧ ಅನ್ನದ್ದು ಎಂದು ಇದನ್ನು ಓದಬಾರದು. ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರದ ಲೆಕ್ಕ ಇದು, ಒಬ್ಬರ ಒಳಗಿನ ಲೆಕ್ಕವಲ್ಲ.

ವಂಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ಮೇದೋಜೀರಕ ಗ್ರಂಥಿಯ ಬೀಟಾ ಕೋಶದೊಳಕ್ಕೇ ಹೋಗಬೇಕು. ಇನ್ಸುಲಿನ್ ತಯಾರಾಗುವುದು ಅಲ್ಲಿ. ರಕ್ತದಲ್ಲಿನ ಗ್ಲೂಕೋಸ್ ಕೋಶದ ಒಳಗೆ ಬಂದ ಕೂಡಲೇ ಗ್ಲೂಕೋಕೈನೇಸ್ ಎಂಬ ಕಿಣ್ವ ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಅಂಟಿಸಿದ ಮೇಲಷ್ಟೇ ಗ್ಲೂಕೋಸ್ ಉರಿದು ಶಕ್ತಿಯಾಗುತ್ತದೆ. ಶಕ್ತಿ ಏರಿದಂತೆ ಕೋಶದ ಗೋಡೆಯ ಪೊಟ್ಯಾಸಿಯಂ ದಾರಿಗಳು ಮುಚ್ಚುತ್ತವೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ತುಂಬಿಕೊಂಡ ಪುಟ್ಟ ಚೀಲಗಳು ಒಡೆದು ರಕ್ತಕ್ಕೆ ಸುರಿಯುತ್ತವೆ. ಈ ಸರಣಿಯ ಮೊದಲ ಹೆಜ್ಜೆ ಗ್ಲೂಕೋಕೈನೇಸ್‌ನದ್ದು. ಅದು ಚುರುಕಾಗಿದ್ದರೆ ಇನ್ಸುಲಿನ್ ಬೇಗ, ಮಂದವಾಗಿದ್ದರೆ ತಡ. ಹೆಚ್ಚಿನವರಲ್ಲಿ ರಕ್ತದ ಸಕ್ಕರೆ ಸುಮಾರು 90 ಮುಟ್ಟುತ್ತಿದ್ದಂತೆ ಈ ಸರಣಿ ಚಾಲೂ ಆಗುತ್ತದೆ.

ಈ ಕಿಣ್ವದ ಸೂತ್ರ ಜಿಸಿಕೆ ಎಂಬ ಜೀನ್‌ನಲ್ಲಿದೆ. ಅಪ್ಪನಿಂದ ಒಂದು ಪ್ರತಿ, ಅಮ್ಮನಿಂದ ಒಂದು. ಎರಡರಲ್ಲೊಂದು ಕೆಟ್ಟಿದ್ದರೆ ಆ ಮಗುವಿನ ಶರೀರ ಹುಟ್ಟಿದಂದಿನಿಂದಲೇ ಸಕ್ಕರೆಯನ್ನು ಸ್ವಲ್ಪ ಮೇಲಿನ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ಸುಮಾರು 100ರಿಂದ 144ರ ಒಳಗೆ. ಎಚ್‌ಬಿಎ1ಸಿ ಬಹುಮಟ್ಟಿಗೆ 5.6ರಿಂದ 7.6. ಊಟದ ನಂತರ ಏರುವುದು ತೀರಾ ಕಡಿಮೆ, ಏಕೆಂದರೆ ಇನ್ಸುಲಿನ್ ಬರುವುದು ಕೊಂಚ ತಡವಾದರೂ ಸಾಕಷ್ಟು ಬರುತ್ತದೆ. ವೈದ್ಯರು ಇದನ್ನು ಮೋಡಿ 2 ಎನ್ನುತ್ತಾರೆ. ಸುಮಾರು ಸಾವಿರದಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಬ್ರಿಟನ್ನಿನ ಲೆಕ್ಕ.

ಬ್ರಿಟನ್ನಿನ ಎಕ್ಸೆಟರ್ ನಗರದ ಸಂಶೋಧಕರು ಇಂಥವರನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 49 ವರ್ಷ ಇಷ್ಟು ಸಕ್ಕರೆಯೊಂದಿಗೆ ಬದುಕಿದವರ ಕಣ್ಣು, ಮೂತ್ರಪಿಂಡ, ಹೃದಯಗಳಲ್ಲಿ ಗಂಭೀರ ತೊಂದರೆ ಕಂಡದ್ದು ಸಾಮಾನ್ಯ ಜನರಲ್ಲಿ ಕಾಣುವಷ್ಟೇ. ಮಾತ್ರೆ ಕೊಟ್ಟರೂ ನಿಲ್ಲಿಸಿದರೂ ಅವರ ಎಚ್‌ಬಿಎ1ಸಿ ಕದಲುವುದಿಲ್ಲ, ಶರೀರ ತಾನು ಹಿಡಿದ ಮಟ್ಟಕ್ಕೇ ಮರಳುತ್ತದೆ. ಅಂದರೆ ಇವರಿಗೆ ಔಷಧ ಬೇಕಿಲ್ಲ. ಗರ್ಭಿಣಿಯರ ವಿಷಯ ಮಾತ್ರ ಬೇರೆ. ತಾಯಿಯ ಕೆಟ್ಟ ಪ್ರತಿ ಮಗುವಿಗೂ ಬಂದಿದ್ದರೆ ಮಗು ತಾಯಿಯ ಸಕ್ಕರೆಯನ್ನೇ ಸಹಜವೆಂದುಕೊಂಡು ಸರಿಯಾಗಿ ಬೆಳೆಯುತ್ತದೆ, ಬರದಿದ್ದರೆ ಮಿತಿಮೀರಿ ದಪ್ಪಗಾಗುತ್ತದೆ. ಆಗ ಚಿಕಿತ್ಸೆಯ ಯೋಚನೆ ಮಾಡಬೇಕಾಗುತ್ತದೆ.

ಈ ರೋಗನಿರ್ಣಯಕ್ಕೆ ನಮ್ಮಲ್ಲಿ ಜೀನ್ ಪರೀಕ್ಷೆ ಲಭ್ಯವಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮೋಡಿಯ ಬಗೆಗಳನ್ನು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಆದರೆ ಅನುಮಾನ ಹುಟ್ಟಬೇಕಾದದ್ದು ಪ್ರಯೋಗಾಲಯದಲ್ಲಲ್ಲ, ವೈದ್ಯರ ಕೋಣೆಯಲ್ಲಿ. ತೆಳ್ಳಗಿನ ಹುಡುಗ, ವರ್ಷಗಟ್ಟಲೆ 115ರ ಆಸುಪಾಸಿನಲ್ಲೇ ನಿಂತ ಫಾಸ್ಟಿಂಗ್, ಅಪ್ಪನಿಗೂ ಅಜ್ಜಿಗೂ ಹಾಗೇ. "ನಿಮ್ಮ ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ" ಎಂದು ಕೇಳಿ ಟಿಕ್ ಹಾಕಿದರೆ ಇದು ಸಿಗುವುದಿಲ್ಲ. ಎಷ್ಟಿದೆ, ಎಷ್ಟು ವರ್ಷದಿಂದ ಅಷ್ಟೇ ಇದೆ ಎಂದು ಕೇಳಿದರೆ ಸಿಗುತ್ತದೆ.

ಮೋಡಿ ಅಪರೂಪದ್ದು. ಆದರೆ ಅದೇ ಬೀಟಾ ಕೋಶದಲ್ಲಿ ಗ್ಲೂಕೋಕೈನೇಸ್ ಅಂಟಿಸಿದ ಫಾಸ್ಫೇಟನ್ನು ಕಿತ್ತು ಹಾಕುವ ಇನ್ನೊಂದು ಕಿಣ್ವವೂ ಇದೆ. ಅದರ ಜೀನ್ ಜಿ6ಪಿಸಿ2. ಒಂದು ಅಂಟಿಸುತ್ತದೆ, ಇನ್ನೊಂದು ಕೀಳುತ್ತದೆ, ಇವೆರಡರ ಹಗ್ಗಜಗ್ಗಾಟದಲ್ಲಿ ಇನ್ಸುಲಿನ್‌ಗೆ ಕರೆ ಹೋಗುವ ಮಟ್ಟ ನಿಗದಿಯಾಗುತ್ತದೆ. ಈ ಜೀನ್‌ನ ಸಾಮಾನ್ಯ ರೂಪಗಳು ಖಾಲಿ ಹೊಟ್ಟೆಯ ಸಕ್ಕರೆಯನ್ನು ಹೆಚ್ಚುಕಡಿಮೆ ಮಾಡುತ್ತವೆ ಎಂದು 2008ರಲ್ಲಿ ಗೊತ್ತಾಯಿತು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಆಮೇಲೆ ಗೊತ್ತಾದ ಸಂಗತಿ. ಸಕ್ಕರೆ ಏರಿಸುವ ಆ ರೂಪ ಇದ್ದವರಿಗೆ ಮಧುಮೇಹದ ಅಪಾಯ ಹೆಚ್ಚಾಗುವುದಿಲ್ಲ. ಅಂಕಿ ಮೇಲೆ, ಕಾಯಿಲೆ ಇಲ್ಲ.

ಇಂಥ ಜೀನ್‌ಗಳನ್ನು ಹುಡುಕಲು ವಿಜ್ಞಾನಿಗಳು ಮಧುಮೇಹಿಗಳನ್ನು ಬಿಟ್ಟು, ಬೇಕೆಂದೇ ಕಾಯಿಲೆಯಿಲ್ಲದವರನ್ನು ಆರಿಸಿಕೊಂಡರು. ಕಾಯಿಲೆ ಬಂದ ಮೇಲೆ ಔಷಧ, ಪಥ್ಯ, ಸೋತ ಗ್ರಂಥಿ ಎಲ್ಲವೂ ಸೇರಿ ಅಂಕಿಯನ್ನು ಕಲಸಿಬಿಡುತ್ತವೆ. ಮ್ಯಾಜಿಕ್ ಎಂಬ ಅಂತರರಾಷ್ಟ್ರೀಯ ಕೂಟ 2010ರಲ್ಲಿ ಒಟ್ಟು 1,22,743 ಜನರವರೆಗಿನ ಮಾಹಿತಿ ಜೋಡಿಸಿ ಖಾಲಿ ಹೊಟ್ಟೆಯ ಸಕ್ಕರೆಯನ್ನು ಆಳುವ ಹಲವು ಹೊಸ ಜೀನ್ ಜಾಗಗಳನ್ನು ಗುರುತಿಸಿತು. 2021ರ ಹೊತ್ತಿಗೆ ಅಧ್ಯಯನಕ್ಕೆ ಸೇರಿದವರು 2,81,416 ಜನ, ಎಲ್ಲರೂ ಮಧುಮೇಹ ಇಲ್ಲದವರು. ಸಕ್ಕರೆ, ಇನ್ಸುಲಿನ್‌ಗಳ ಬೇರೆ ಬೇರೆ ಅಂಕಿಗಳಿಗೆ ಒಟ್ಟಾರೆ ಸಿಕ್ಕ ಜಾಗಗಳು 242. ಒಂದೊಂದರ ಪ್ರಭಾವವೂ ಚಿಕ್ಕದು. ಎಲ್ಲಕ್ಕಿಂತ ಬಲವಾದವುಗಳೂ ಒಂದು ಪ್ರತಿಗೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ಏರಿಸಲಾರವು. ಒಂದು ಸೇರಿ ಇನ್ನೊಂದು ಸೇರಿ ಅಣ್ಣ ತಮ್ಮಂದಿರ ನಡುವೆ ಅಂತರ ಬೆಳೆಯುತ್ತದೆ.

ಈ ಬಲವಾದವುಗಳಲ್ಲಿ ಒಂದು ಎಂಟಿಎನ್‌ಆರ್1ಬಿ. ಇದು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನಿಗೆ ಸಂಬಂಧಿಸಿದ್ದು. ಕತ್ತಲಾದಂತೆ ಮಿದುಳು ಮೆಲಟೋನಿನ್ ಬಿಡುತ್ತದೆ. ಅದನ್ನು ಗ್ರಹಿಸುವ ಕೊಂಡಿಗಳು ಇನ್ಸುಲಿನ್ ತಯಾರಿಸುವ ಬೀಟಾ ಕೋಶದ ಮೇಲೂ ಇವೆ. ಈ ಜೀನ್‌ನ ಒಂದು ರೂಪ ಇದ್ದವರಲ್ಲಿ ಆ ಕೊಂಡಿಗಳು ಹೆಚ್ಚು, ಮೆಲಟೋನಿನ್ ಬಂದಾಗ ಇನ್ಸುಲಿನ್ ಹಿಂಜರಿಯುವುದೂ ಹೆಚ್ಚು. ರಾತ್ರಿ ಮಲಗಿರುವಾಗ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ಹೊಟ್ಟೆಗೆ ಆಗಷ್ಟೇ ಊಟ ಬಿದ್ದಿದ್ದರೆ?

ಸ್ಪೇನಿನ ಮುರ್ಸಿಯಾದಲ್ಲಿ 845 ಜನರ ಮೇಲೆ ಇದನ್ನೇ ಪರೀಕ್ಷಿಸಿದರು. ಅಲ್ಲಿಯವರು ರಾತ್ರಿ ತಡವಾಗಿ ಉಣ್ಣುವುದಕ್ಕೆ ಹೆಸರಾದವರು. ಪ್ರತಿಯೊಬ್ಬರಿಗೂ ಒಂದು ಸಂಜೆ ಮಲಗುವ ಹೊತ್ತಿಗೆ ನಾಲ್ಕು ಗಂಟೆ ಮುಂಚೆ, ಇನ್ನೊಂದು ಸಂಜೆ ಒಂದು ಗಂಟೆ ಮುಂಚೆ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು. ತಡವಾಗಿ ಕುಡಿದಾಗ ರಕ್ತದಲ್ಲಿ ಮೆಲಟೋನಿನ್ ಮೂರೂವರೆ ಪಟ್ಟು ಹೆಚ್ಚಿತ್ತು. ಇನ್ಸುಲಿನ್ ಶೇ 6.7ರಷ್ಟು ಇಳಿದಿತ್ತು, ಸಕ್ಕರೆ ಶೇ 8.3ರಷ್ಟು ಏರಿತ್ತು. ಆ ಜೀನ್ ರೂಪ ಎರಡು ಪ್ರತಿಯಲ್ಲೂ ಇದ್ದವರಲ್ಲಿ ಏಟು ಇನ್ನೂ ಜೋರು. ಈ ರೂಪ ಭಾರತೀಯರಲ್ಲೂ ಸಾಮಾನ್ಯ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿ ಹತ್ತೂವರೆಗೆ ಮನೆ ಮುಟ್ಟಿ, ಹನ್ನೊಂದಕ್ಕೆ ಅನ್ನ ಸಾರು ಉಂಡು ಹನ್ನೊಂದೂವರೆಗೆ ಮಲಗುವವರು ಇದನ್ನು ಗಮನಿಸಬೇಕು. ಏನು ತಿಂದಿರಿ ಎಂದು ಕೇಳುವಷ್ಟೇ ಕಾಳಜಿಯಿಂದ ಎಷ್ಟು ಹೊತ್ತಿಗೆ ತಿಂದಿರಿ ಎಂದೂ ವೈದ್ಯರು ಕೇಳಬೇಕು. ಜೀನ್ ಬದಲಾಯಿಸಲು ಬರುವುದಿಲ್ಲ, ಊಟದ ಹೊತ್ತನ್ನು ಹಿಂದಕ್ಕೆ ತರಲು ಬರುತ್ತದೆ.

ಖಾಲಿ ಹೊಟ್ಟೆಯ ಅಂಕಿಯನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಉದಾಹರಣೆಯಿದೆ. ಅವರಲ್ಲಿ ಟಿಬಿಸಿ1ಡಿ4 ಜೀನ್‌ನ ಒಂದು ಮುರಿದ ರೂಪ ಹರಡಿಕೊಂಡಿದೆ. 2014ರಲ್ಲಿ ಲೆಕ್ಕ ಹಾಕಿದಾಗ ಆ ಜನರಲ್ಲಿನ ಈ ಜೀನ್‌ನ ಪ್ರತಿಗಳಲ್ಲಿ ಶೇ 17 ಮುರಿದವು ಎಂದು ತಿಳಿಯಿತು. ಊಟವಾದ ಮೇಲೆ ಇನ್ಸುಲಿನ್ ಬಂದು ಕರೆದಾಗ ಸಕ್ಕರೆಯನ್ನು ಸ್ನಾಯುವಿನೊಳಕ್ಕೆ ಸೆಳೆಯುವ ವ್ಯವಸ್ಥೆಗೆ ಈ ಜೀನ್ ಬೇಕು. ಎರಡೂ ಪ್ರತಿ ಮುರಿದವರಲ್ಲಿ ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರದ ಸಕ್ಕರೆ ಸರಾಸರಿ 68 ಮಿಲಿಗ್ರಾಂ ಹೆಚ್ಚು! ಒಂದೆರಡು ಮಿಲಿಗ್ರಾಂಗೆ ಒಗ್ಗಿದ ಜೀನ್ ವಿಜ್ಞಾನದಲ್ಲಿ ಇಷ್ಟು ದೊಡ್ಡ ಅಂಕಿ ಕಂಡದ್ದು ಅಪರೂಪ. ಅವರಿಗೆ ಮಧುಮೇಹದ ಅಪಾಯ ಹತ್ತು ಪಟ್ಟು. ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದರೆ ಸಕ್ಕರೆ ಬೇರೆಯವರಿಗಿಂತ ಕಡಿಮೆಯೇ ಇರುತ್ತದೆ. ಸೀಲ್ ಮಾಂಸ, ಮೀನು ತಿಂದು ಬದುಕಿದ ಕಾಲದಲ್ಲಿ ಈ ಕೊರತೆ ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ. ಬ್ರೆಡ್ಡು, ತಂಪು ಪಾನೀಯ ಬಂದ ಮೇಲೆ ಬಯಲಾಯಿತು. ನಮ್ಮ ಊರಿನ ಹಳೆಯ ವೈದ್ಯರು ಇವತ್ತಿಗೂ ಫಾಸ್ಟಿಂಗ್ ಜೊತೆಗೆ ಊಟದ ನಂತರದ್ದನ್ನೂ ಮಾಡಿಸಿ ಎಂದು ಪಟ್ಟು ಹಿಡಿಯುತ್ತಾರಲ್ಲ, ಆ ಪಟ್ಟು ಸರಿಯಾದದ್ದು. ಎರಡು ಅಂಕಿಗಳನ್ನು ಆಳುವ ಜೀನ್‌ಗಳು ಬಹುಮಟ್ಟಿಗೆ ಬೇರೆ ಬೇರೆ.

ಹುಟ್ಟಿನಿಂದ ಬಂದದ್ದೆಲ್ಲ ಜೀನ್ ಅಲ್ಲ ಎಂಬುದನ್ನು ತೋರಿಸಿದ ಊರುಗಳಲ್ಲಿ ಮೈಸೂರೂ ಒಂದು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಆ ಮಕ್ಕಳನ್ನೇ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ ಗಿಡ್ಡವಾಗಿ ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚು ಎಂದು 1998ರಲ್ಲಿ ತಿಳಿಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನ ಒಂದು ಜಾಣ ಹೋಲಿಕೆ ಮಾಡಿತು. ಅಪ್ಪ ಮಗುವಿಗೆ ಕೊಡುವುದು ಜೀನ್ ಮಾತ್ರ. ಅಮ್ಮ ಜೀನ್ ಜೊತೆಗೆ ಒಂಬತ್ತು ತಿಂಗಳು ತನ್ನ ರಕ್ತದ ಸಕ್ಕರೆಯನ್ನೂ ಕೊಡುತ್ತಾಳೆ. ಹಾಗಾದರೆ ಮಧುಮೇಹಿ ತಾಯಿಯ ಮಕ್ಕಳನ್ನೂ ಮಧುಮೇಹಿ ತಂದೆಯ ಮಕ್ಕಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗರ್ಭದ ಪಾಲು ಬೇರೆಯಾಗಿ ಕಾಣಬೇಕು. ಒಂಬತ್ತೂವರೆ ವರ್ಷದ ಹೊತ್ತಿಗೆ ಮೈಯ ಕೊಬ್ಬು, ಇನ್ಸುಲಿನ್‌ಗೆ ಮೈ ಜಗ್ಗದಿರುವುದು ಎರಡೂ ಎದ್ದು ಕಂಡದ್ದು ತಾಯಿಗೆ ಸಕ್ಕರೆ ಇದ್ದ ಮಕ್ಕಳಲ್ಲಿ. ತಂದೆಗೆ ಇದ್ದವರಲ್ಲಿ ಅಷ್ಟಿಲ್ಲ. ಗರ್ಭಿಣಿಯ ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ವಂಶದಲ್ಲಿದೆ ಎಂದು ಕೈಚೆಲ್ಲಿದ ಕಾಯಿಲೆಯಲ್ಲಿ ಒಂದು ಭಾಗವನ್ನಾದರೂ ತಡೆಯಬಹುದು ಎಂಬ ಭರವಸೆ ಇದರಲ್ಲಿದೆ.

ಇನ್ನು ಎಚ್‌ಬಿಎ1ಸಿ. 'ಮೂರು ತಿಂಗಳ ಶುಗರ್' ಎಂದು ಎಲ್ಲರೂ ಕರೆಯುವ ಪರೀಕ್ಷೆ. 1960ರ ದಶಕದ ಕೊನೆಗೆ ಟೆಹ್ರಾನಿನಲ್ಲಿ ಸ್ಯಾಮ್ಯುಯೆಲ್ ರಹ್ಬರ್ ಮಧುಮೇಹಿಗಳ ಹಿಮೋಗ್ಲೋಬಿನ್ನಿನಲ್ಲಿ ಕಂಡ ವಿಚಿತ್ರ ಪಟ್ಟಿಯಿಂದ ಇದರ ಕಥೆ ಶುರುವಾಗುತ್ತದೆ. 2010ರಲ್ಲಿ ಅಮೆರಿಕದ ಸಂಘ, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ ಎಂದು ಒಪ್ಪಿದವು. ಉಪವಾಸ ಬೇಡ, ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. ಶಿಬಿರಗಳಿಗೆ ಇದಕ್ಕಿಂತ ಅನುಕೂಲದ್ದು ಬೇರೊಂದಿಲ್ಲ.

ಆದರೆ ಇದು ನೇರವಾಗಿ ಸಕ್ಕರೆಯನ್ನು ಅಳೆಯುವುದಿಲ್ಲ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅಳೆಯುತ್ತದೆ. ಭರಣಿಯ ಮಿಡಿಮಾವಿನಕಾಯಿಗೆ ಎಷ್ಟು ಉಪ್ಪು ಹಿಡಿದಿದೆ ಎಂಬುದು ಉಪ್ಪುನೀರು ಎಷ್ಟು ಗಟ್ಟಿ ಎಂಬುದರ ಮೇಲಷ್ಟೇ ಅಲ್ಲ, ಮಿಡಿ ಅದರಲ್ಲಿ ಎಷ್ಟು ದಿನ ನೆನೆಯಿತು ಎಂಬುದರ ಮೇಲೂ ನಿಂತಿದೆ. ಕೆಂಪು ಕಣ ರಕ್ತದಲ್ಲಿ ನೆನೆಯುವುದು ಸುಮಾರು 120 ದಿನ. ಅಷ್ಟು ಬಾಳದೆ ಬೇಗ ಸತ್ತರೆ ಸಕ್ಕರೆ ಎಷ್ಟಿದ್ದರೂ ಎಚ್‌ಬಿಎ1ಸಿ ಕೆಳಗೇ ನಿಲ್ಲುತ್ತದೆ. ಕಬ್ಬಿಣಾಂಶದ ಕೊರತೆಯಿಂದ ಬಂದ ರಕ್ತಹೀನತೆಯಲ್ಲಿ ಹಳೆಯ ಕಣಗಳ ಪಾಲು ಹೆಚ್ಚಾಗಿ ಅಂಕಿ ಮೇಲಕ್ಕೆ ಜರುಗಬಹುದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಅವರಲ್ಲಿ ಎಚ್‌ಬಿಎ1ಸಿ 5.9 ಬಂದವರಿಗೆ 'ಪ್ರಿಡಯಾಬಿಟಿಸ್' ಎಂದು ಬರೆದುಕೊಡುವ ಮುನ್ನ ಹಿಮೋಗ್ಲೋಬಿನ್ ನೋಡದಿರುವುದು ಸರಿಯಲ್ಲ.

2017ರಲ್ಲಿ ಒಟ್ಟು 1,59,940 ಜನರ ಜೀನ್ ಮಾಹಿತಿಯಲ್ಲಿ ಎಚ್‌ಬಿಎ1ಸಿಯನ್ನು ಆಳುವ 60 ರೂಪಗಳು ಸಿಕ್ಕವು. ಅವುಗಳಲ್ಲಿ ಕೆಲವು ಸಕ್ಕರೆಗೆ ಸಂಬಂಧಿಸಿದವು. ಮತ್ತೆ ಕೆಲವು ಕೆಂಪು ಕಣದ ರಚನೆ, ಆಯಸ್ಸಿಗೆ ಸಂಬಂಧಿಸಿದವು, ಅವುಗಳಿಗೂ ಮಧುಮೇಹಕ್ಕೂ ನಂಟಿಲ್ಲ. ಎಲ್ಲಕ್ಕಿಂತ ಬಲವಾದದ್ದು ಜಿ6ಪಿಡಿ ಜೀನ್‌ನ ಒಂದು ರೂಪ. ಆಫ್ರಿಕನ್ ಅಮೆರಿಕನ್ನರಲ್ಲಿ ಶೇ 11 ಮಂದಿಯಲ್ಲಿ ಅದರ ಒಂದು ಪ್ರತಿಯಾದರೂ ಇದೆ. ಎಕ್ಸ್ ವರ್ಣತಂತುವಿನಲ್ಲಿರುವ ಜೀನ್ ಆದ್ದರಿಂದ ಗಂಡಸರಿಗೆ ಒಂದೇ ಪ್ರತಿ ಸಾಕು, ಎಚ್‌ಬಿಎ1ಸಿ 0.81 ಇಳಿಯುತ್ತದೆ. ನಿಜವಾಗಿ 7ರ ಮೇಲಿರಬೇಕಾದವರ ಚೀಟಿಯಲ್ಲಿ 6.3 ಎಂದು ಬರುತ್ತದೆ, ಅವರು ನಿಶ್ಚಿಂತರಾಗಿ ಮನೆಗೆ ಹೋಗುತ್ತಾರೆ. ಎಚ್‌ಬಿಎ1ಸಿಯನ್ನೇ ನಂಬಿದರೆ ಅಮೆರಿಕದಲ್ಲಿ ಹೀಗೆ ಸುಮಾರು ಆರೂವರೆ ಲಕ್ಷ ಮಂದಿಯ ಕಾಯಿಲೆ ಗೊತ್ತಾಗದೇ ಉಳಿಯಬಹುದು ಎಂದು ಆ ಸಂಶೋಧಕರು ಅಂದಾಜಿಸಿದರು.

ಜಿ6ಪಿಡಿ ಕೊರತೆ ನಮ್ಮ ದೇಶದಲ್ಲೂ ಇದೆ, ರೂಪಗಳು ಬೇರೆ. ಹಿಮೋಗ್ಲೋಬಿನ್ ದೋಷವಾದ ಥಲಸ್ಸೀಮಿಯಾದ ವಾಹಕರು, ಅಂದರೆ ಕೆಟ್ಟ ಜೀನ್‌ನ ಒಂದೇ ಪ್ರತಿ ಹೊತ್ತವರು, ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ. ಈಶಾನ್ಯದಲ್ಲಿ ಹಿಮೋಗ್ಲೋಬಿನ್ ಇ ಸಾಮಾನ್ಯ. ದಕ್ಷಿಣದ ಕಾಡುಗಳ ಆದಿವಾಸಿಗಳಲ್ಲಿ ಕುಡಗೋಲು ಕಣ, ಅಂದರೆ ಸಿಕಲ್ ಸೆಲ್. ಇವೆಲ್ಲ ಮಲೇರಿಯಾ ಕಾಡಿದ ನಾಡುಗಳಲ್ಲಿ ಉಳಿದುಬಂದ ಜೀನ್ ರೂಪಗಳು. ಒಂದು ಪ್ರತಿ ಇದ್ದವರನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲುತ್ತಿರಲಿಲ್ಲ. ಅಂದು ಜೀವ ಉಳಿಸಿದ್ದು ಇಂದು ಸಕ್ಕರೆ ಪರೀಕ್ಷೆಯನ್ನು ಗೊಂದಲಕ್ಕೆ ತಳ್ಳುತ್ತಿದೆ. ಅಮೆರಿಕದ 4,620 ಕಪ್ಪು ಜನರ ಅಧ್ಯಯನದಲ್ಲಿ ಸಿಕಲ್ ಸೆಲ್ ವಾಹಕರ ಎಚ್‌ಬಿಎ1ಸಿ ಸರಾಸರಿ 5.72, ವಾಹಕರಲ್ಲದವರದ್ದು 6.01. ಎರಡೂ ಗುಂಪಿನ ಸಕ್ಕರೆ ಒಂದೇ ಮಟ್ಟದಲ್ಲಿದ್ದಾಗಲೂ ಈ ಅಂತರ ಹೋಗಲಿಲ್ಲ.

ಭಾರತದಲ್ಲಿ ಸಿಕಲ್ ಸೆಲ್ ಮೊದಲು ಗುರುತಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿದ ನೀಲಗಿರಿಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ದಶಕಗಳಿಂದ ಇದರ ಬೆನ್ನು ಹತ್ತಿದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆದಿವಾಸಿ ಪ್ರದೇಶಗಳ ಏಳು ಕೋಟಿ ಜನರನ್ನು ಪರೀಕ್ಷಿಸಿ, ವಾಹಕರೋ ರೋಗಿಯೋ ಎಂದು ಕಾರ್ಡ್ ಕೊಡುವ ಗುರಿ ಇಟ್ಟುಕೊಂಡಿದೆ. ಮದುವೆಯ ಹೊತ್ತಿಗೆ ಸಲಹೆ ಕೊಡಲೆಂದು ಆ ಕಾರ್ಡು. ಆದರೆ ಚಾಮರಾಜನಗರದ, ಎಚ್.ಡಿ. ಕೋಟೆಯ ಹಾಡಿಗಳಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರ ಸಕ್ಕರೆ ನೋಡುವಾಗಲೂ ಅದು ಮೇಜಿನ ಮೇಲಿರಬೇಕು. ವಾಹಕರಾಗಿದ್ದರೆ ಎಚ್‌ಬಿಎ1ಸಿಯನ್ನೊಂದನ್ನೇ ನಂಬದೆ ಫಾಸ್ಟಿಂಗ್, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರದ್ದು, ಎರಡನ್ನೂ ಮಾಡಿಸಬೇಕು. ಅಭಿಯಾನದ ಪರೀಕ್ಷೆ 40 ವರ್ಷದವರೆಗಿನವರಿಗೆ ಮಾತ್ರ. ಸಕ್ಕರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದರಾಚೆಗಿನವರಲ್ಲಿ, ಅವರ ಕೈಯಲ್ಲಿ ಕಾರ್ಡ್ ಇರುವುದಿಲ್ಲ. ಮಕ್ಕಳ ಕೈಯಲ್ಲಿ ಇರುತ್ತದೆ. ಮಗಳ ಕಾರ್ಡಿನಲ್ಲಿ 'ವಾಹಕಿ' ಎಂದಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆ ಜೀನ್ ಹೊತ್ತವರೇ. ಐವತ್ತು ದಾಟಿದ ಆ ಅಪ್ಪನ ಎಚ್‌ಬಿಎ1ಸಿ 6.2 ಬಂದಾಗ, ಪಕ್ಕದಲ್ಲಿ ಮಗಳ ಕಾರ್ಡನ್ನೂ ಇಟ್ಟುಕೊಂಡು ಓದಿದರೆ ಅವನಿಗೆ ಇನ್ನೊಂದು ಪರೀಕ್ಷೆ ಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ.